ಅಂಗಳ ತೊಳೆಯುವ ಯಂತ್ರದ ಆರೈಕೆ: ಒಂದು ವಿವೇಚನೆ

ಮಲೆನಾಡಿನ ಅಡಿಕೆ ಬೆಳೆಗಾರರ ಮನೆ ಸೇರಿರುವ ಪೆಟ್ರೋಲ್ ಪ್ರೆಷರ್ ವಾಷರ್, ಅಂದರೆ ಸಣ್ಣ ಎಂಜಿನ್ನಿನ ಬಲದಿಂದ ನೀರನ್ನು ಒತ್ತಿ ಚಿಮ್ಮಿಸಿ ನೆಲದ ಪಾಚಿಯನ್ನು ಕೀಳುವ ಯಂತ್ರವು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ತೋಟದ ಪಂಪಿಗೆ ದಾಯಾದಿಯೇ ಆದರೂ ಅದಕ್ಕೆ ಸಲ್ಲುವ ಮರ್ಯಾದೆ ತೀರ ಕಡಿಮೆ. ತೋಟದ ಪಂಪು ಕೈಕೊಟ್ಟರೆ ಫಸಲು ನೆಲಕ್ಕುದುರುತ್ತದೆಂಬ ಭಯದಿಂದ ಅದರ ಎಣ್ಣೆ, ಬೆಲ್ಟುಗಳನ್ನು ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳುವ ಯಜಮಾನ, ಅಡಿಕೆ ಒಣಗಿಸುವ ಅಂಗಳಕ್ಕಾಗಿ ಮಳೆ ನಿಂತ ಮೇಲೆ ನಾಲ್ಕು ದಿನ ದುಡಿಯುವ ಈ ಯಂತ್ರವನ್ನು ಮಾತ್ರ ಉಳಿದ ಕಾಲವೆಲ್ಲ ಗೋಣಿಚೀಲ ಹೊದಿಸಿ ಕೊಟ್ಟಿಗೆಯ ಮೂಲೆಯಲ್ಲಿ ಮರೆತುಬಿಡುತ್ತಾನೆ. ದುಡಿದು ಕೆಡುವುದಕ್ಕಿಂತ ಕುಳಿತು ಕೆಡುವುದೇ ಇದರ ಜಾಯಮಾನವೆಂಬುದು ಅವನಿಗೆ ತಿಳಿಯುವುದು ಮುಂದಿನ ವರ್ಷ.

ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್, ಎಂದರೆ ಕಬ್ಬು ಮತ್ತು ಧಾನ್ಯಗಳಿಂದ ತೆಗೆದ ಮದ್ಯಸಾರ, ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು, ಮತ್ತು ತೇವಕ್ಕೆ ಮಲೆನಾಡಿನಲ್ಲಿ ಎಂದೂ ಬರವಿಲ್ಲ. ಅದಲ್ಲದೆ ತಿಂಗಳುಗಟ್ಟಲೆ ನಿಂತು ಹಳಸಿದ ಪೆಟ್ರೋಲು ಅಂಟಾಗಿ, ಗಾಳಿ ಮತ್ತು ಇಂಧನವನ್ನು ಹದವಾಗಿ ಬೆರೆಸುವ ಕಾರ್ಬ್ಯುರೇಟರಿನೊಳಗಿನ, ಒಂದು ಮಿಲಿಮೀಟರಿಗೂ ಕಿರಿದಾದ ಜೆಟ್ಟಿನ ತೂತನ್ನು ಮುಚ್ಚುತ್ತದೆ. ಕೆಲಸ ಮುಗಿದ ದಿನವೇ, ನೀರಿನ ಪೈಪು ಜೋಡಿಸಿರುವಾಗಲೇ ಪೆಟ್ರೋಲಿನ ಕಾಕನ್ನು ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ನೀರು ಬಿಡುತ್ತ ಓಡಿಸಿ, ಟ್ಯಾಂಕಿನಲ್ಲಿ ಉಳಿದದ್ದನ್ನು ಬೈಕಿಗೆ ಸುರಿದರೆ ಈ ತೊಂದರೆ ಇಲ್ಲ. ಇಷ್ಟನ್ನು ಮಾಡದ ಯಜಮಾನನೂ ಆಯುಧಪೂಜೆಯಂದು ಅದೇ ಯಂತ್ರಕ್ಕೆ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ಬೂದುಗುಂಬಳ ಒಡೆಯುವುದರಿಂದ ಕಾರ್ಬ್ಯುರೇಟರಿನ ಹೊಣೆ ಆ ಮಟ್ಟಿಗೆ ದೇವಿಗೆ ವರ್ಗವಾಗುತ್ತದೆ.

ಎಂಜಿನ್ ಚಾಲೂ ಮಾಡಲು ಹಗ್ಗ ಎಳೆಯುವ ವಿಧಿ ಅಂಗಳದಲ್ಲಿ ಸಭೆ ಸೇರಿಸುತ್ತದೆ. ಸಭಿಕರಲ್ಲಿ ಒಬ್ಬರು "ಚೋಕ್ ಹಾಕಿ ಮಾರಾಯ್ರೆ" ಎಂದರೆ ಇನ್ನೊಬ್ಬರು "ಮೊದ್ಲು ಚೋಕ್ ತೆಗೀರಿ" ಎನ್ನುತ್ತಾರೆ. ತಣ್ಣಗಿರುವ ಎಂಜಿನ್ನಿಗೆ ಚೋಕ್ ಬೇಕು, ಬಿಸಿಯಾದದ್ದಕ್ಕೆ ಬೇಡವಾದ್ದರಿಂದ ಇಬ್ಬರೂ ಶಾಸ್ತ್ರ ಬಲ್ಲವರೇ. ಹಗ್ಗ ಕಲ್ಲಿನಂತೆ ಬಿಗಿದಿದ್ದರೆ ಯಂತ್ರದೊಳಗಿನ ಪಂಪಿನಲ್ಲಿ ಹಿಂದಿನ ಒತ್ತಡ ಉಳಿದಿದೆಯೆಂದು ಅರ್ಥ. ನೀರು ಚಿಮ್ಮಿಸುವ ಗನ್ನಿನ ಕುದುರೆಯನ್ನು ಒಮ್ಮೆ ಅದುಮಿ ಆ ಒತ್ತಡವನ್ನು ಹೊರಬಿಡಬೇಕೆಂಬುದು ಮಾತ್ರ ಸಭೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಪಂಪಿನ ಬೇಡಿಕೆಗಳು ಇನ್ನೂ ಸೂಕ್ಷ್ಮ. ಬೈಕಿನ ಚಕ್ರದ ಗಾಳಿ ಸುಮಾರು 30 ಪಿಎಸ್‌ಐ ಇದ್ದರೆ ಈ ಪಂಪು ನೀರನ್ನು 2,500 ಪಿಎಸ್‌ಐವರೆಗೂ ಒತ್ತಬಲ್ಲದು; ಅದಕ್ಕೆ ಅದು ಕೇಳುವುದು ನಿಮಿಷಕ್ಕೆ ಎಂಟು-ಹತ್ತು ಲೀಟರ್ ತಿಳಿನೀರು. ತಾರಸಿಯ ಟ್ಯಾಂಕಿನಿಂದ ಸಪೂರ ಪೈಪಿನಲ್ಲಿ ಇಳಿಯುವ ನೀರು ಸಾಲದಾದಾಗ ಪಂಪಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ ಒಡೆದು ಲೋಹವನ್ನೇ ಕೊರೆಯುತ್ತವೆ. ಇದನ್ನು ತಂತ್ರಜ್ಞರು ಕ್ಯಾವಿಟೇಶನ್ ಎನ್ನುತ್ತಾರೆ, ಮೆಕ್ಯಾನಿಕ್ "ಪಂಪು ಹೋಯ್ತು" ಎನ್ನುತ್ತಾನೆ. ಇನ್ನು, ಕುದುರೆ ಬಿಟ್ಟು ಎಂಜಿನ್ನನ್ನು ಹಾಗೆಯೇ ಓಡಲು ಬಿಟ್ಟರೆ ಅದೇ ನೀರು ಪಂಪಿನೊಳಗೆ ಸುತ್ತಿ ಕಾದು ಸೀಲುಗಳನ್ನು ಹಾಳುಮಾಡುವುದರಿಂದ ಎರಡು-ಮೂರು ನಿಮಿಷಕ್ಕಿಂತ ಹೆಚ್ಚು ಬಿಡಬಾರದು. ಮೂರು ನಿಮಿಷದಲ್ಲಿ ಕುಡಿದು ಮುಗಿಯುವ ಕಾಫಿ ಮಲೆನಾಡಿನಲ್ಲಿಲ್ಲವಾದ್ದರಿಂದ, ಒಳಗಿನಿಂದ ಕರೆ ಬಂದೊಡನೆ ಎಂಜಿನ್ ನಿಲ್ಲಿಸುವುದು ಕ್ಷೇಮ.

ಎಂಜಿನ್ ಎಣ್ಣೆಯನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಪಂಪಿನ ಎಣ್ಣೆ ಬೇರೆಯೇ ಆಗಿದ್ದು, ಅದು ಬೆಳ್ಳಗಾಗಿದ್ದರೆ ನೀರು ಒಳಹೊಕ್ಕಿದೆಯೆಂದು ತಿಳಿಯಬೇಕು. ಬಾವಿನೀರಿನ ಮರಳು ತಡೆಯುವ ಜಾಲರಿಯನ್ನು ತೊಳೆಯಬೇಕು, ಸೈಲೆನ್ಸರಿನಲ್ಲಿ ಕುಂಬಾರ ಹುಳ ಮಣ್ಣಿನ ಮನೆ ಕಟ್ಟಿದೆಯೇ ಎಂದು ಇಣುಕಬೇಕು. ನಗೆಗೆ ಎಡೆಯಿಲ್ಲದ ಮಾತೂ ಒಂದಿದೆ: ಈ ನೀರಿನ ಧಾರೆ ಚರ್ಮವನ್ನು ತೂರಬಲ್ಲದು, ಗಾಯ ಸೂಜಿಮೊನೆಯಷ್ಟಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಮುಚ್ಚಿದ ಕೊಟ್ಟಿಗೆಯೊಳಗೆ ಎಂಜಿನ್ ಓಡಿಸಿದರೆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾಗುತ್ತದೆ.

ವರ್ಷಕ್ಕೊಂದು ಸಲ ಅಂಗಳ ತೊಳೆಯುವವರಿಗೆ ಬಾಡಿಗೆಯ ಯಂತ್ರವೇ ಲೇಸು. ಈಗಾಗಲೇ ಕೊಂಡಿರುವವರು ಇಂದೇ ಗೋಣಿಚೀಲ ಸರಿಸಿ ಟ್ಯಾಂಕಿನ ಮುಚ್ಚಳ ತೆರೆದು ಮೂಸಿ ನೋಡಲಿ. ವಾರ್ನಿಷ್ ವಾಸನೆ ಬಂದರೆ ಹಗ್ಗಕ್ಕೆ ಕೈ ಹಾಕುವ ಮೊದಲು ಹಳೆಯ ಪೆಟ್ರೋಲನ್ನು ಖಾಲಿ ಮಾಡಲಿ.