ದೋಣಿಯಿಲ್ಲದ ದೋಣಿ ಶೆಟ್ರು

ಬಾಸ್ಟನ್ ಸುತ್ತಮುತ್ತಲ ಕನ್ನಡಿಗರಲ್ಲಿ ದೋಣಿ ಶೆಟ್ರನ್ನು ತಿಳಿಯದವರು ಕಡಿಮೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಸಂಬಳದ ಚೀಟಿಯಿಂದಾಚೆ ಎಲ್ಲೂ ಚಲಾವಣೆಯಲ್ಲಿಲ್ಲ. ಊರು ಕುಂದಾಪುರದ ಕಡೆ, ಕೆಲಸ ಸಾಫ್ಟ್‌ವೇರ್, ಸವಾರಿ ಮಿನಿವ್ಯಾನ್, ವ್ಯಸನ ದೋಣಿ ಆರಿಸುವುದು. ದೋಣಿ ಓಡಿಸುವ ವ್ಯಸನದವರಿಗೆ ಬೇಸಿಗೆ ಮುಗಿದರೆ ಬಿಡುವಾದರೂ ಸಿಗುತ್ತದೆ. ಆರಿಸುವವರಿಗೆ ಹಿಮ ಬಿದ್ದರೂ ಬಿಡುವಿಲ್ಲ. ನ್ಯೂ ಇಂಗ್ಲೆಂಡಿನ ಕಡಲಂಚಿನ ಊರೂರಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮವರು ಕುಂದಾಪುರ ಕನ್ನಡದಲ್ಲಿ ಆರಿಸುತ್ತಾರೆ, ಅಷ್ಟೇ.

ಅವರ ಬೇಡಿಕೆ ಕೇಳಿದರೆ ಪಾಪ ಅನ್ನಿಸಬೇಕು. “ದೊಡ್ಡದೆಂತದೂ ಬೇಡ ಮಾರಾಯ್ರೆ, ಸಣ್ಣದೊಂದು ಸಾಕು. ಗರಾಜಿನಲ್ಲಿ ಹಿಡಿಸಬೇಕು. ವ್ಯಾನಿಗೆ ಸಿಕ್ಕಿಸಿ ಎಳೆಯಲಿಕ್ಕೆ ಬರಬೇಕು. ಒಬ್ಬನೇ ನೀರಿಗೆ ಇಳಿಸುವ ಹಾಗಿರಬೇಕು. ಕಡಲಿಗೆ ಹೋದರೆ ಮಾತ್ರ ಹೆದರಿಕೆ ಆಗಬಾರದು.” ಮೊದಲಿನವೆಲ್ಲ ಸೇರಿ 14 ಅಡಿಯ ದೋಣಿಯನ್ನು ಕೇಳುತ್ತವೆ, ಕೊನೆಯದೊಂದೇ 22 ಅಡಿಯದನ್ನು. ನಡುವಿನ ಆ 8 ಅಡಿಯಲ್ಲಿ ಶೆಟ್ರು ಸಂಸಾರ ಹೂಡಿದ್ದಾರೆ.

ತಳ ಚಪ್ಪಟೆ ಇರಬೇಕೋ, ‘ವಿ’ ಆಕಾರದಲ್ಲಿ ಚೂಪಾಗಿರಬೇಕೋ ಎಂಬ ಒಂದೇ ಪ್ರಶ್ನೆ ಒಂದಿಡೀ ಚಳಿಗಾಲ ನುಂಗಿತು. ಚಪ್ಪಟೆ ತಳದ್ದು ಹಗುರ. ಮೊಣಕಾಲುದ್ದ ನೀರಿದ್ದರೂ ತೇಲುತ್ತದೆ, ನಿಂತಾಗ ಅಲುಗಾಡುವುದು ಕಡಿಮೆ, ಸಣ್ಣ ಎಂಜಿನ್ ಸಾಕು. ಆದರೆ ಎದುರು ಗಾಳಿಗೆ ಗೇಣುದ್ದದ ಅಲೆ ಎದ್ದರೂ, ಹೊಂಡ ಬಿದ್ದ ರಸ್ತೆಯಲ್ಲಿ ರಿಕ್ಷಾದ ಹಿಂದಿನ ಸೀಟಿನಲ್ಲಿ ಕೂತಂತೆ ಸೊಂಟ ಕಳಚುತ್ತದೆ. ಚೂಪು ತಳದ್ದು ಅಲೆ ಸೀಳಿಕೊಂಡು ಹೋಗುತ್ತದೆ. ನಿಲ್ಲಿಸಿ ಗಾಳ ಹಾಕಿದಿರೋ, ಆ ಕಡೆ ಈ ಕಡೆ ಹೊರಳತೊಡಗುತ್ತದೆ. ಭಾರವೂ ಹೆಚ್ಚು, ಎಂಜಿನ್ನೂ ದೊಡ್ಡದು, ಟ್ರೇಲರಿನ ಮೇಲೆ ಎತ್ತರಕ್ಕೆ ಕೂರುವುದರಿಂದ ಇಳಿಸುವಾಗ ಇನ್ನಷ್ಟು ಆಳದ ನೀರು ಬೇಕು. ಸೋಮವಾರ ಶೆಟ್ರು ಚಪ್ಪಟೆ ಪಕ್ಷ, ಗುರುವಾರ ಚೂಪು ಪಕ್ಷ. ಶನಿವಾರ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಎರಡನ್ನೂ ಕೂಡಿಸಿದ ಮೂರನೆಯ ತಳವೊಂದನ್ನು ಕಾಗದದ ತಟ್ಟೆಯ ಮೇಲೆ ಪಾಯಸದಲ್ಲಿ ಅದ್ದಿದ ಬೆರಳಿನಿಂದ ಬರೆದು ತೋರಿಸುತ್ತಾರೆ.

ಶೆಟ್ರ ಈ ದೋಣಿ ಮೋಹಕ್ಕೆ ಸ್ಥಳಪುರಾಣವೂ ಉಂಟು. 1958ರಲ್ಲಿ ಇದೇ ಮ್ಯಾಸಚೂಸೆಟ್ಸಿನ ಡಿಕ್ ಫಿಷರ್ ಎಂಬಾತ, ರೇ ಹಂಟ್ ಎಂಬ ವಿನ್ಯಾಸಕಾರನ ಜೊತೆ ಸೇರಿ ‘ಬಾಸ್ಟನ್ ವೇಲರ್’ ಎಂಬ 13 ಅಡಿಯ ದೋಣಿಯನ್ನು ಮಾರಾಟಕ್ಕೆ ತಂದ. ಫೈಬರ್‌ಗ್ಲಾಸಿನ ಎರಡು ಪದರ, ನಡುವೆ ತುಂಬಿದ ಫೋಮ್. ಮುಳುಗುವುದಿಲ್ಲ ಎಂದು ತೋರಿಸಲು 1961ರಲ್ಲಿ ಆತ ನೀರಿನ ಮೇಲೆಯೇ ತಾನು ಕೂತ ದೋಣಿಯನ್ನು ಗರಗಸದಿಂದ ನಡುವಿಗೆ ಕೊಯ್ಯಿಸಿದ; ಎಂಜಿನ್ ಇದ್ದ ಅರ್ಧದಲ್ಲಿ ಹಾಯಾಗಿ ಹೊರಟೂ ಹೋದ. ‘ಲೈಫ್’ ಪತ್ರಿಕೆಯಲ್ಲಿ ಚಿತ್ರ ಬಂತು. ಈ ಕಥೆಯನ್ನು ಶೆಟ್ರು ನಾಮಕರಣ, ಗೃಹಪ್ರವೇಶ, ಯುಗಾದಿ ಎನ್ನದೆ ಹೇಳುತ್ತಾರೆ. ಮುಕ್ತಾಯ ಯಾವಾಗಲೂ ಒಂದೇ: “ಅರ್ಧ ದೋಣಿಯಲ್ಲಿ ಆದರೂ ಮನುಷ್ಯ ಕಡಲಿನಲ್ಲಿದ್ದ ನೋಡಿ!”

“ನಿಮಗೆ ಆ ಅರ್ಧವೂ ಇಲ್ಲವಲ್ಲ” ಎನ್ನುವುದು ಅಡುಗೆಮನೆಯಿಂದ ಬರುವ ಮಂಗಳಾರತಿ.

ಇನ್ನು ತೂಕದ ಲೆಕ್ಕ. ವ್ಯಾನು 3500 ಪೌಂಡ್ ಎಳೆಯಬಲ್ಲದು ಎಂದು ಕಂಪನಿಯ ಪುಸ್ತಕದಲ್ಲಿದೆ. ಮಾರುವವನು ಹೇಳುವುದು ಒಣ ತೂಕ. ಎಂಜಿನ್ ಬೇರೆ, ಪೆಟ್ರೋಲ್ ಬೇರೆ. ಗ್ಯಾಲನ್ನಿಗೆ ಸುಮಾರು 6 ಪೌಂಡಿನಂತೆ 30 ಗ್ಯಾಲನ್ ತುಂಬಿದರೆ ಅದೇ 180. ಮತ್ತೆ ಬ್ಯಾಟರಿ, ಲಂಗರು, ಐಸ್ ಪೆಟ್ಟಿಗೆ, ಕೊನೆಗೆ ಟ್ರೇಲರಿನದೇ ಭಾರ. ಶೆಟ್ರು ಮೆಚ್ಚಿದ 18 ಅಡಿಯ ದೋಣಿ ಜಾಹೀರಾತಿನಲ್ಲಿ 2000 ಪೌಂಡ್ ಇದ್ದದ್ದು ರಸ್ತೆಗೆ ಬರುವಷ್ಟರಲ್ಲಿ 3400 ಮುಟ್ಟಿತು. ಇನ್ನೂ ನೂರು ಉಳಿದಿದೆ ಎಂದು ಹಿಗ್ಗುವಾಗ ಪುಟದ ಅಡಿಯಲ್ಲಿ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು: ವ್ಯಾನಿನೊಳಗೆ ಕೂತವರ ತೂಕವೂ ಈ ಲೆಕ್ಕಕ್ಕೆ ಸೇರುತ್ತದೆ. ಅಂದು ರಾತ್ರಿ ಊಟಕ್ಕೆ ಬಂದ ಭಾವನ ತಟ್ಟೆಗೆ ಆರನೆಯ ನೀರುದೋಸೆ ಬೀಳುವುದನ್ನು ಶೆಟ್ರು ನೋಡಿದ ನೋಟವನ್ನು ಆ ಭಾವ ಈಗಲೂ ಮರೆತಿಲ್ಲ.

ಇಷ್ಟೆಲ್ಲ ಯಾವ ಮೀನಿಗಾಗಿ? ಇಲ್ಲಿನವರು ಬೆನ್ನು ಹತ್ತುವ ಸ್ಟ್ರೈಪ್ಡ್ ಬಾಸ್‌ಗೆ. ಈಗಿನ ನಿಯಮದಂತೆ ಅದು 28 ಇಂಚಿಗೆ ಕಡಿಮೆ ಇರಕೂಡದು, 31 ಮುಟ್ಟಲೂಕೂಡದು, ದಿನಕ್ಕೆ ತಲೆಗೊಂದೇ. ಮೂರು ಇಂಚಿನ ಈ ಕಿಂಡಿಯಲ್ಲಿ ತೂರಿಬರುವ ಒಂದು ಮೀನಿಗೆ ಇಷ್ಟು ತಪಸ್ಸು! ಮನೆಗೆ ಬೇಕಾದ ಬಂಗುಡೆ ಹೇಗೂ ಅಂಗಡಿಯ ಫ್ರೀಜರಿನಿಂದಲೇ ಬರುತ್ತದೆ.

ದೋಣಿ ಸಿಗದಿದ್ದರೇನು, ಟ್ರೇಲರು ಸಿಕ್ಕಿತು. ಅಗ್ಗಕ್ಕೆ ಬಂದಿತ್ತಂತೆ. ಹಲಗೆಗಳ ಮೇಲೆ ಪ್ಲೈವುಡ್ ಹಾಸಿ, ಅದರ ಮೇಲೆ ಕನ್ನಡ ಕೂಟದ ರಾಜ್ಯೋತ್ಸವದ ಮಂಟಪ, ಹೊಸ ಸಂಸಾರಗಳ ಸೋಫಾ, ಒಮ್ಮೆ ಯಕ್ಷಗಾನದವರ ಸಾಮಾನಿನ ಪೆಟ್ಟಿಗೆಗಳು, ಹೀಗೆ ಎಲ್ಲವೂ ಸವಾರಿ ಮಾಡಿವೆ, ದೋಣಿಯೊಂದನ್ನು ಬಿಟ್ಟು. ಇದರಿಂದ ಒಂದು ಲಾಭವಾಯಿತು: ರಿವರ್ಸ್ ತೆಗೆಯುವುದರಲ್ಲಿ ಶೆಟ್ರನ್ನು ಮೀರಿಸುವವರಿಲ್ಲ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಬಾಲ ಬಲಕ್ಕೆ ಹೋಗುತ್ತದಷ್ಟೆ? ಅದಕ್ಕೆ ಅವರು ಸ್ಟಿಯರಿಂಗಿನ ಕೆಳತುದಿಯನ್ನು ಹಿಡಿಯುತ್ತಾರೆ. ಆಗ ಕೈ ಹೋದ ಕಡೆಗೇ ಬಾಲವೂ ಹೋಗುತ್ತದೆ.

ಈ ವಿದ್ಯೆಯನ್ನು ಅವರು ಹಂಚುವ ಜಾಗ ನ್ಯೂಬರಿಪೋರ್ಟಿನಲ್ಲಿ ಮೆರಿಮ್ಯಾಕ್ ನದಿಯ ದಂಡೆ, ದೋಣಿ ಇಳಿಸುವ ಇಳಿಜಾರು. ಭಾನುವಾರ ಬೆಳಿಗ್ಗೆ ಮಡಿಚುವ ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ. ಹೆದ್ದಾರಿಯಲ್ಲಿ ಬಂದ ಟ್ರೇಲರನ್ನು ನೇರ ನೀರಿಗಿಳಿಸುವವನನ್ನು ಕಂಡರೆ ಎದ್ದೇ ನಿಲ್ಲುತ್ತಾರೆ. ಓಡಿ ಬಿಸಿಯಾದ ಗಾಲಿಯ ಬೇರಿಂಗು ತಣ್ಣೀರಿಗೆ ಬಿದ್ದೊಡನೆ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸು ಹಾಳು, ಮುಂದಿನ ಪ್ರಯಾಣದಲ್ಲಿ ಗಾಲಿಯೂ ಹಾಳು. ಮೊದಲು ಗಾಲಿಯ ನಡುವನ್ನು ಕೈಯಿಂದ ಮುಟ್ಟಿ ನೋಡಬೇಕು, ತಣಿಯಲು ಬಿಡಬೇಕು. ದೀಪದ ವೈರು ಕಳಚಬೇಕು. ಹಿಂದಿನ ಪಟ್ಟಿ ಬಿಚ್ಚಿದರೂ ಮುಂದಿನ ಕೊಕ್ಕೆಯನ್ನು ನೀರು ಮುಟ್ಟುವವರೆಗೆ ಬಿಡಬಾರದು, ಬಿಟ್ಟರೆ ದೋಣಿ ಕಾಂಕ್ರೀಟಿನ ಮೇಲೆ ಮಲಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ತಳದ ತೂತಿನ ಬಿರಡೆ. ಒಮ್ಮೆ ಹೊಚ್ಚ ಹೊಸ ದೋಣಿಯೊಂದು ದಕ್ಕೆಯ ಬದಿಯಲ್ಲಿ ನಿಧಾನ ಕುಳ್ಳಗಾಗುತ್ತಿತ್ತು. ಯಜಮಾನ ಸೆಲ್ಫಿಯಲ್ಲಿದ್ದ. “ಪ್ಲಗ್! ಪ್ಲಗ್!” ಎಂದು ಕೂಗುತ್ತ ಓಡಿದ ಶೆಟ್ರು ಪ್ಯಾಂಟು ಸಮೇತ ನೀರಿಗಿಳಿದು, ಬೇರೆ ಏನೂ ಸಿಗದೆ ತಮ್ಮ ಹೆಬ್ಬೆರಳನ್ನೇ ಇಟ್ಟು ನಿಂತರು. ಅವತ್ತಿನಿಂದ ಅಲ್ಲಿನ ಅಮೆರಿಕನ್ನರು ಅವರನ್ನು ‘ಕ್ಯಾಪ್ಟನ್’ ಎನ್ನುತ್ತಾರೆ. ನಿಮ್ಮ ದೋಣಿ ಯಾವುದು ಎಂದು ಯಾರೂ ಕೇಳಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದು ಅವರಿಗೂ ಹೊಳೆದಿರಬೇಕು.

ಹೋದ ಬೇಸಿಗೆಯಲ್ಲಿ ಮಗನ ಮನೆಗೆ ಬಂದಿದ್ದ ಗಂಗೊಳ್ಳಿಯ ಅಜ್ಜರೊಬ್ಬರನ್ನು ಶೆಟ್ರು ಅಲ್ಲಿಗೆ ಕರೆದೊಯ್ದರು. ನಾಡದೋಣಿಯಲ್ಲೇ ಆಯುಷ್ಯ ತೆಗೆದವರು. ಮೆರಿಮ್ಯಾಕ್ ಕಡಲು ಸೇರುವಲ್ಲಿ ಮರಳದಿಬ್ಬ ಉಂಟು. ಇಳಿತದ ನೀರು ಹೊರಗೆ ನುಗ್ಗುವ ಹೊತ್ತಿಗೆ ಎದುರಿನಿಂದ ಮೂಡಣ ಗಾಳಿಯ ಅಲೆ ಬಂದರೆ ಅಲೆ ಗೋಡೆಯಾಗಿ ಏಳುತ್ತದೆ. ಇದನ್ನೆಲ್ಲ ವಿವರಿಸಿ, ಅಂಚಿನ ಎತ್ತರ, ತಳದ ಕೋನ, ಒಳಗೆ ಬಿದ್ದ ನೀರು ತಾನಾಗಿ ಹೊರಹೋಗುವ ವ್ಯವಸ್ಥೆ ಎಲ್ಲ ಒಪ್ಪಿಸಿ, “ಇಲ್ಲಿಗೆ ಎಷ್ಟು ಅಡಿಯ ದೋಣಿ ಆದೀತು ಅಜ್ಜ?” ಎಂದರು.

ಅಜ್ಜ ತುಂಬ ಹೊತ್ತು ನೀರು ನೋಡಿದರು. “ಇದು ನಮ್ಮ ಅಳಿವೆಯ ಹಾಗೇ ಉಂಟಲ್ಲ ಶೆಟ್ರೆ. ಯಾವ ದೋಣಿಯಾದರೂ ಆದೀತು. ಇಳಿತದಲ್ಲಿ ಹೋಗಬೇಡಿ.”

“ಹೌದು, ಆದರೆ ಅಡಿ ಎಷ್ಟು?”

ಅಜ್ಜ ಚಹಾ ಕೇಳಿದರು.

ಹೋದ ತಿಂಗಳು ಶೆಟ್ರ ಫೋನು. “ಹ್ವಾಯ್, ಸಿಕ್ಕಿತು!” 16 ಅಡಿ, ತಳ ಮುಂದೆ ಚೂಪು, ಹಿಂದೆ ಸುಮಾರು ಚಪ್ಪಟೆ, ಎಲ್ಲ ಸೇರಿ 2000 ಪೌಂಡಿನ ಒಳಗೆ, ಗರಾಜಿಗೆ ಹಿಡಿಸುತ್ತದೆ, ಬೆಲೆ ಸರಿಯುಂಟು, ಅಡುಗೆಮನೆಯ ಒಪ್ಪಿಗೆಯೂ ಆಗಿದೆ. ಒಂದೇ ತೊಡಕು: ಅದು ಟ್ರೇಲರಿನ ಜೊತೆಗೇ ಬರುತ್ತದೆ. ಒಂದನ್ನು ಮಾರಿಬಿಡಿ ಎಂದೆ.

“ಅದೇ, ಯಾವುದನ್ನು? ಅದಕ್ಕೆ ರೋಲರು, ನನ್ನದಕ್ಕೆ ಕಾರ್ಪೆಟ್ ಸುತ್ತಿದ ಹಲಗೆ. ರೋಲರಿನಲ್ಲಿ ಇಳಿಸುವುದು ಸಲೀಸು. ಆದರೆ ಹಲಗೆ ತಳಕ್ಕೆ ಒಳ್ಳೆಯ ಆಧಾರ. ಸ್ವಲ್ಪ ಓದಿ ನೋಡ್ತೆ.”

ಈಗ ಓದುತ್ತಿದ್ದಾರೆ. ದೋಣಿಯನ್ನು ಗ್ಲೌಸ್ಟರಿನ ಒಬ್ಬ ಪ್ಲಂಬರ್ ಆ ಶನಿವಾರ ಬೆಳಿಗ್ಗೆ ಬಂದು ನೋಡಿ, ನಗದು ಎಣಿಸಿ, ಮಧ್ಯಾಹ್ನದೊಳಗೆ ಅದರಲ್ಲಿ ಕೂತು 29 ಇಂಚಿನದೊಂದನ್ನು ಹಿಡಿದನಂತೆ. ಟ್ರೇಲರು ಎಂಥದ್ದು ಎಂದು ಅವನು ಗಮನಿಸಿದಂತೆಯೇ ಇಲ್ಲ ಎಂಬುದು ಶೆಟ್ರ ಕೊರಗು.