ಸೋರುವ ಪೆಟ್ರೋಲ್ ಪೈಪು

ಕಾರಿನ ಪೆಟ್ರೋಲ್ ಪೈಪು ಸಾಮಾನ್ಯವಾಗಿ ಸೋರುವುದು ಕ್ಲಿಪ್ ಹಾಕಿದ ಜಾಗದಲ್ಲಿ. ಎಂಜಿನ್ನಿನ ಬಿಸಿಗೆ ರಬ್ಬರ್ ಗಡಸಾಗಿ ಬಿರಿಯುತ್ತದೆ. ಹಳೆಯ ಗಾಡಿಗಳ ಪೈಪಿಗೆ ಎಥೆನಾಲ್ ಬೆರೆತ ಪೆಟ್ರೋಲೂ ಅಷ್ಟಾಗಿ ಒಗ್ಗುವುದಿಲ್ಲ. ವಾಸನೆ ಹಿಡಿಯುವುದು ಹಿಂದಿನ ಸೀಟಿನವರು. ಮಾಲೀಕನ ಪ್ರಕಾರ ಅದು ಸದಾ ಪಕ್ಕದ ಲಾರಿಯದು.

ಬಾನೆಟ್ ಎತ್ತಿದೊಡನೆ ಸಲಹೆಗಾರರು ಸೇರುತ್ತಾರೆ. ಒಬ್ಬರು ಸೋಪು ಮೆತ್ತಿ ಎನ್ನುತ್ತಾರೆ, ಇನ್ನೊಬ್ಬರು ಸೈಕಲ್ ಟ್ಯೂಬ್ ಸುತ್ತಿ ಎನ್ನುತ್ತಾರೆ. ಪೆಟ್ರೋಲ್ ತಗುಲಿದರೆ ಆ ಟ್ಯೂಬೇ ಉಬ್ಬಿ ಮೆತ್ತಗಾಗುತ್ತದೆ. ಕಾರ್ಬುರೇಟರ್ ಕಾಲದಲ್ಲಿ ಪೈಪಿನೊಳಗೆ ಒತ್ತಡ ಕಡಿಮೆಯಿತ್ತು, ಇಂಥ ಚಿಕಿತ್ಸೆ ಊರು ಸೇರುವತನಕ ನಡೆಯುತ್ತಿತ್ತು. ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಗಾಡಿಯಲ್ಲಿ ಆ ಒತ್ತಡ ಸುಮಾರು 3 ಬಾರ್, ಟಯರಿನ ಗಾಳಿಗಿಂತ ಜಾಸ್ತಿ. ಅದರೆದುರು ಸೋಪಿನ ಆಟ ನಡೆಯದು.

ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ರಿಪೇರಿಯ ಮೊದಲ ಹಂತ, ಬೀಡಿ ಸೇದುತ್ತ ಬಗ್ಗಿ ನೋಡುವ ಹಿತೈಷಿಯನ್ನು ಕಾಂಪೌಂಡಿನಾಚೆ ಕಳಿಸುವುದು. ಆಮೇಲೆ ಎಂಜಿನ್ ಆರಬೇಕು, ಪಂಪಿನ ಫ್ಯೂಸ್ ತೆಗೆದು ಲೈನಿನ ಒತ್ತಡ ಇಳಿಸಬೇಕು, ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಪೈಪು ಸೇರುವ ಜಾಗಕ್ಕೆ ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಿದರೆ ಪೆಟ್ರೋಲ್ ಮುಖಕ್ಕೆ ಚಿಮ್ಮದು.

ಬಿರುಕು ಬಿಟ್ಟ ಪೈಪನ್ನು ಬದಲಿಸಲೇಬೇಕು. ಅದೂ ಆ ಒತ್ತಡ ತಡೆಯುವ ಪೆಟ್ರೋಲ್ ಪೈಪೇ ಆಗಬೇಕು, ತೋಟದ ನೀರಿನದಲ್ಲ. ಪೈಪು ಲೋಹದ ನಳಿಗೆಯ ಉಬ್ಬನ್ನು ದಾಟಿ ಕೂರಬೇಕು, ಹೊಸ ಕ್ಲಿಪ್ ಆ ಉಬ್ಬಿನ ಹಿಂದೆ ಬರಬೇಕು. ಶಕ್ತಿಪ್ರದರ್ಶನ ಬೇಡ: ಅತಿಯಾಗಿ ಬಿಗಿದ ಕ್ಲಿಪ್ ರಬ್ಬರನ್ನೇ ಕೊಯ್ಯುತ್ತದೆ. ಕೊನೆಗೆ ಫ್ಯೂಸನ್ನೂ ಬ್ಯಾಟರಿಯನ್ನೂ ಮತ್ತೆ ಜೋಡಿಸಿ, ಎಂಜಿನ್ ಶುರುಮಾಡಿ ಟಾರ್ಚ್ ಹಿಡಿದು ನೋಡಬೇಕು. ಒಂದು ಹನಿ ಕಂಡರೂ ಗಾಡಿ ರಸ್ತೆಗಿಳಿಯಕೂಡದು.