ಪಾಕದ ದೊಡ್ಡಪ್ಪ

ಕಡ್ಲೆಕಾಯಿ ಚಿಕ್ಕಿ ಮಾಡುವ ಮನೆಗೆ ಒಬ್ಬರು ಪಾಕದ ದೊಡ್ಡಪ್ಪ ಇದ್ದೇ ಇರುತ್ತಾರೆ. ಇಲ್ಲದವರು ಚಿಂತಿಸಬೇಕಾಗಿಲ್ಲ. ಬೆಲ್ಲ ಕಾಯುವ ವಾಸನೆ ಬೀದಿಗೆ ಬಿದ್ದರೆ ಸಾಕು, ಪಕ್ಕದ ಮನೆಯ ದೊಡ್ಡಪ್ಪ ತಾವಾಗಿಯೇ ಬರುತ್ತಾರೆ.

ನಮ್ಮವರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ನಾಣ್ಯ ಕುಟ್ಟಿ ಸದ್ದಿನಲ್ಲೇ ಖೋಟಾ ಹಿಡಿಯುತ್ತಿದ್ದೆ ಅಂತ ಈಗಲೂ ಹೇಳುತ್ತಾರೆ. ನಿವೃತ್ತಿಯ ಮೇಲೆ ಆ ಕಿವಿಗೆ ಕೆಲಸ ಬೇಕಲ್ಲ. ಕಾರ್ತಿಕದ ಕಡೇ ಸೋಮವಾರ ಬಸವನಗುಡಿ ಪರಿಷೆಯಲ್ಲಿ ಒಂದೊಂದು ರಾಶಿಯ ಮುಂದೂ ನಿಂತು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಎರಡು ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾರೆ, ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ. ದೊಡ್ಡ ಬಸವಣ್ಣನ ಗುಡಿ ತಲಪುವ ಹೊತ್ತಿಗೆ ಹೊಟ್ಟೆ ತುಂಬಿರುತ್ತೆ. ಆಮೇಲೆ ವಾಪಸು ಬಂದು ಮೊದಲನೇ ರಾಶಿಯಲ್ಲೇ ಅಳೆಸುತ್ತಾರೆ.

ಬೀಜ ಹುರಿಯುವುದು, ಉಜ್ಜುವುದು, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುವುದು ಅವರ ಇಲಾಖೆಯದಲ್ಲ. ಆಗ ಪತ್ರಿಕೆ ಓದುತ್ತಿರುತ್ತಾರೆ. ಬಾಣಲೆಗೆ ಬೆಲ್ಲ ಬಿದ್ದ ಸದ್ದಾಯಿತೋ, ಪತ್ರಿಕೆ ಮಡಚಿ, ಕುರ್ಚಿ ಎಳೆದುಕೊಂಡು ಅಡಿಗೆಮನೆ ಬಾಗಿಲಲ್ಲಿ ಹಾಜರು.

“ಬೆಲ್ಲ ಎಲ್ಲಿಯದು?”

“ಮಂಡ್ಯದ್ದು.”

“ಇಷ್ಟು ಹಳದಿ ಇದೆ, ಹೈಡ್ರೋಸ್ ಹಾಕಿದಾರೆ.”

ಕಪ್ಪಗಿದ್ದರೆ ಇನ್ನೊಂದು ಮಾತು ಸಿದ್ಧವಿದೆ: “ಹಳೇ ಬೆಲ್ಲ, ಗಟ್ಟಿ ಬರೋಲ್ಲ.” ಈ ಎರಡರ ನಡುವಿನ ಬಣ್ಣದ ಬೆಲ್ಲವನ್ನು ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ.

ಇನ್ನು ಬಟ್ಟಲು ನೀರಿನ ಪರೀಕ್ಷೆ. ಮೊದಲ ತೊಟ್ಟು ನೀರಿಗೆ ಬಿದ್ದು ಕರಗುತ್ತೆ. “ಸಾಲದು.” ಇನ್ನಷ್ಟು ಕುದಿದ ಮೇಲೆ ಬೆರಳಲ್ಲಿ ಮೆತ್ತಗೆ ಉಂಡೆ ಆಗುತ್ತೆ. “ಪುರಿ ಉಂಡೆಗೆ ಆಯ್ತು, ಚಿಕ್ಕಿಗೆ ಸಾಲದು.” ಆಮೇಲಿನದು ಎಳೆದರೆ ಹಗ್ಗದ ಹಾಗೆ ಬರುತ್ತೆ, ಕಚ್ಚಿದರೆ ಹಲ್ಲಿಗೆ ಅಂಟುತ್ತೆ. ಈ ಹಂತದಲ್ಲಿ ಇಳಿಸಿದವರ ಚಿಕ್ಕಿಯನ್ನು ತಿಂದವರು ಸಂಜೆವರೆಗೂ ಮಾತಾಡುವುದಿಲ್ಲ. “ನೀರಿನಂಶ ಪೂರ್ತಿ ಹೋಗಬೇಕು ಕಣಮ್ಮ. ನೀರಿರೋ ತನಕ ಕಾವು ಏರೋಲ್ಲ. ಸುಮಾರು 150 ಡಿಗ್ರಿ ಮುಟ್ಟಬೇಕು, ಆಗ ಗಾಜು!” ಅಂತ ವಿಜ್ಞಾನ ಶುರುವಾಗುತ್ತೆ. ಕೊನೆಗೆ ನೀರಲ್ಲಿ ಗಟ್ಟಿಯಾದ ಚೂರನ್ನು ತಾವೇ ಎತ್ತಿ ಸ್ಟೀಲ್ ತಟ್ಟೆ ಮೇಲೆ ಹಾಕಿ, ಕಣ್ಣು ಮುಚ್ಚಿ ಕೇಳುತ್ತಾರೆ. ಠಣ್ ಅನ್ನಬೇಕು. ಹಲ್ಲಲ್ಲಿ ಕಚ್ಚಿ ನೋಡುವ ಹಾಗಿಲ್ಲ, ಎರಡೂ ಸೆಟ್ಟು ಕಟ್ಟಿಸಿದವು.

“ಇನ್ನು ಅರ್ಧ ನಿಮಿಷ” ಅಂತ ಅವರು ಕಣ್ಣು ಬಿಡುವಷ್ಟರಲ್ಲಿ ದೊಡ್ಡಮ್ಮ ಒಲೆ ಆರಿಸಿ, ಚಿಟಿಕೆ ಸೋಡ ಹಾಕಿ, ಬೀಜ ಸುರಿದು, ತುಪ್ಪ ಸವರಿದ ಮಣೆ ಮೇಲೆ ಲಟ್ಟಣಿಗೆ ಆಡಿಸುತ್ತಿರುತ್ತಾರೆ. ಆ ಅರ್ಧ ನಿಮಿಷ ಕಾದಿದ್ದರೆ ಪಾಕ ಸೀದು ಕಹಿಯಾಗುತ್ತಿತ್ತು. ದೊಡ್ಡಮ್ಮ ಯಾವ ಬಟ್ಟಲನ್ನೂ ನೋಡಿದವರಲ್ಲ. ನೊರೆ ಚಿಕ್ಕದಾಗಿ, ಬಣ್ಣ ತಿರುಗಿ, ಘಮ ಬದಲಾದರೆ ಅವರ ಕೈ ಗ್ಯಾಸಿನ ಗುಂಡಿಗೆ ಹೋಗಿಬಿಡುತ್ತೆ. ಬಿಸಿ ಆರುವ ಮುಂಚೆ ಚಾಕುವಿನಲ್ಲಿ ಗೆರೆ ಎಳೆಯುವುದೂ ಅವರೇ.

ಚಿಕ್ಕಿ ಕಟಕ್ ಅಂತ ಮುರಿದರೆ ದೊಡ್ಡಪ್ಪ ಬಂದವರಿಗೆಲ್ಲ “ನಾನೇ ನಿಂತು ಮಾಡಿಸಿದೆ” ಅನ್ನುತ್ತಾರೆ. ಕುರ್ಚಿಯ ವಿಷಯ ನಾವೂ ಎತ್ತುವುದಿಲ್ಲ. ಮೆತ್ತಗಾದರೆ ಹವಾಮಾನ ಇಲಾಖೆ ಇದೆ: “ಮೋಡ ನೋಡು, ತೇವ ಎಳಕೊಂಡಿದೆ.” 2020ರಲ್ಲಿ ತಮಿಳುನಾಡಿನ ಕೋವಿಲ್‌ಪಟ್ಟಿ ಕಡಲೆ ಮಿಠಾಯಿಗೆ ಜಿಐ ಮಾನ್ಯತೆ ಸಿಕ್ಕಾಗ ಆ ಸುದ್ದಿಯನ್ನು ಎರಡು ಸಲ ಓದಿ, “ನಮ್ಮನೇದಕ್ಕೆ ಯಾರಾದರೂ ಅರ್ಜಿ ಹಾಕಿದ್ರಾ?” ಅಂತ ಎಲ್ಲರನ್ನೂ ವಿಚಾರಿಸಿದರು.

ಈಗ ಅವರ ವ್ಯಾಪ್ತಿ ಹಿಗ್ಗಿದೆ. ನ್ಯೂಜೆರ್ಸಿಯಲ್ಲಿರುವ ತಮ್ಮನ ಮಗಳು ಸಂಕ್ರಾಂತಿಗೆ ಬಾಣಲೆ ಇಟ್ಟು ವಿಡಿಯೋ ಕಾಲ್ ಮಾಡುತ್ತಾಳೆ.

“ದೊಡ್ಡಪ್ಪ, ಥರ್ಮಾಮೀಟರ್ 300 ಫ್ಯಾರನ್‌ಹೀಟ್ ತೋರಿಸ್ತಿದೆ, ಇಳಿಸ್ಲಾ?”

“ಅದನ್ನ ಆಚೆ ಇಡು. ತಟ್ಟೆನ ಫೋನ್ ಹತ್ತಿರ ತಗೊಂಬಾ. ಹೂಂ, ಹಾಕು. ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದು ಹಾಕು.”

ಒಳಗಿಂದ ದೊಡ್ಡಮ್ಮ ಕೂಗುತ್ತಾರೆ: “ಒಲೆ ಆರಿಸೇ ಪುಟ್ಟಿ, ಮೊದಲು ಒಲೆ ಆರಿಸು!”